ಲಾರಿಯ ಹೊಗೆಯೂ ತಿರಸ್ಕಾರದ ಚೀಟಿಯೂ

ಮುಂಬಯಿ ಮುಗಿದು ಠಾಣೆ ಮೊದಲಾಗುವ ಎಡೆಯಲ್ಲಿರುವ ಮುಲುಂಡ್ ಚೆಕ್ ನಾಕೆಯನ್ನು ಅರಿಯದ ಕನ್ನಡಿಗರು ಈ ಶಹರದಲ್ಲಿ ವಿರಳ. 2017ರ ಜುಲೈ 1ರಂದು ಜಕಾತಿಯು ರದ್ದಾಗುವ ತನಕ ಲಾರಿಗಳು ಇಲ್ಲಿ ಜಕಾತಿಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಜಕಾತಿ ಹೋದರೂ ಟೋಲು ಉಳಿಯಿತು. 2024ರ ಅಕ್ಟೋಬರಿನಲ್ಲಿ ಮುಂಬಯಿಯ ಪ್ರವೇಶದ್ವಾರಗಳಲ್ಲಿ ಲಘು ವಾಹನಗಳಿಗೆ ಟೋಲಿನ ಮಾಫಿ ದೊರೆತಾಗ ಭಾರದ ಲಾರಿಗಳಿಗೆ ಅದು ದೊರೆಯಲಿಲ್ಲ. ಹೀಗೆ ನಿಂತು ನಿಂತು ಮುಂದೆ ಸರಿಯುವ ಲಾರಿಗಳ ಹೊಗೆಯನ್ನು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರು ಹಗಲಿರುಳೂ ಉಸಿರಾಡುತ್ತ ಬಂದಿದ್ದಾರೆ.

ಆದರೆ ಆ ಲಾರಿಗಳಲ್ಲಿ ಕೆಲವು ನಮ್ಮವರವೇ ಎಂಬುದನ್ನೂ ಮರೆಮಾಚಲಾಗದು. ಕಪ್ಪುಬಸಿ ತೊಳೆಯುವುದರಿಂದ ಮೊದಲ್ಗೊಂಡು ಗಲ್ಲೆಯ ತನಕ ಏರಿದವರು, ಟ್ರಾನ್ಸ್‌ಪೋರ್ಟ್ ಕಚೇರಿಗಳಲ್ಲಿ ಬಿಲ್ಟಿ ಬರೆಯುತ್ತಿದ್ದ ಗುಮಾಸ್ತರು, ಚೀಟಿ ಎತ್ತಿ, ಭಾವಮೈದುನನನ್ನು ಪಾಲಿಗೆ ಸೇರಿಸಿಕೊಂಡು, ಬೇರೆ ಯಾರೋ ಓಡಿಸಿ ಬಿಟ್ಟ ಹತ್ತು ಹನ್ನೆರಡು ವರ್ಷದ ಲಾರಿಯೊಂದನ್ನು ಕೊಳ್ಳುತ್ತಾರೆ. ವಾಶಿಯ ಮಾರುಕಟ್ಟೆಯಿಂದ ಈರುಳ್ಳಿ, ಬಟಾಟೆ, ತೆಂಗಿನಕಾಯಿ ಹೇರಿ ಹೋಟೆಲುಗಳಿಗೆ ಮುಟ್ಟಿಸುವುದು ಅವರ ವ್ಯವಹಾರ. ಹೊಸ ಲಾರಿಯ ಮಾತು ಅವರಿಗೆ ಎಟುಕದು. ಇಂಥವನ ಲಾರಿಯು ಒಂದು ದಿನ ಹೊಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೋದರೆ ಆ ದಿನವೇ ಅವನಿಗೆ ಮೂರು ಮಂದಿ ಹಿತೈಷಿಗಳು ಹುಟ್ಟಿಕೊಳ್ಳುತ್ತಾರೆ. ಇಷ್ಟು ಹಣ ಬಿಸಾಡಿದರೆ ಪರೀಕ್ಷೆಯೇ ಇಲ್ಲದೆ ಪತ್ರ ಸಿಗುವುದೆಂದು ಒಬ್ಬನು ಹೇಳುತ್ತಾನೆ. ಇಂಜಿನನ್ನು ಪೂರ್ತಿ ಬಿಚ್ಚಬೇಕೆಂದು ಇನ್ನೊಬ್ಬನು ಹೆದರಿಸುತ್ತಾನೆ. ಮೂರನೆಯವನು, ಇದು ಗುಜರಿಗೇ ಸೈ, ಬಂದ ಬೆಲೆಗೆ ಮಾರಿಬಿಡು ಎಂದು ಸಲಹೆ ನೀಡುತ್ತಾನೆ. ವಿಚಾರಿಸಿ ನೋಡಿದರೆ ಕೊಳ್ಳುವವನೂ ಅವನ ಪರಿಚಿತನೇ ಆಗಿರುತ್ತಾನೆ.

ನಮ್ಮ ಅಭಿಪ್ರಾಯದಲ್ಲಿ ಈ ಮೂವರ ಮಾತನ್ನೂ ಆ ದಿನದ ಮಟ್ಟಿಗೆ ಬದಿಗಿಟ್ಟು, ಲಾರಿಯ ಧಣಿಯು ಮಾಡಬೇಕಾದ ಮೊದಲ ಕೆಲಸವೊಂದಿದೆ. ಅದಾವುದೆಂದರೆ, ಪರೀಕ್ಷಾ ಕೇಂದ್ರದಿಂದ ತಿರಸ್ಕಾರದ ಚೀಟಿಯನ್ನು ಕೇಳಿ ಪಡೆಯುವುದು. 2021ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರದ ರಸ್ತೆ ಸಾರಿಗೆ ಖಾತೆಯು ಪಿ.ಯು.ಸಿ. ಪತ್ರಕ್ಕೆ ದೇಶಕ್ಕೆಲ್ಲ ಒಂದೇ ನಮೂನೆಯನ್ನು ಗೊತ್ತುಪಡಿಸಿದಾಗ, ತೇರ್ಗಡೆಯಾಗದ ವಾಹನಕ್ಕೆ ಇಂತಹದೊಂದು ಚೀಟಿಯನ್ನು ಕೊಡತಕ್ಕದ್ದೆಂದೂ ವಿಧಿಸಿತು. ಅದನ್ನು ಮೇಸ್ತ್ರಿಗೆ ತೋರಿಸಿ ದುರಸ್ತಿ ಮಾಡಿಸಬಹುದು. ಕೇಂದ್ರದ ಯಂತ್ರವೇ ಕೆಟ್ಟಿದೆಯೆಂಬ ಶಂಕೆಯಿದ್ದರೆ ಚೀಟಿಯೊಡನೆ ಇನ್ನೊಂದು ಕೇಂದ್ರಕ್ಕೆ ಹೋಗಿ ಪುನಃ ಪರೀಕ್ಷಿಸಿಕೊಳ್ಳಲೂಬಹುದು. ಇಷ್ಟು ಉಪಯುಕ್ತವಾದ ಕಾಗದವನ್ನು ನಮ್ಮವರು ಪೋಲೀಸರ ಸಮನ್ಸಿನಂತೆ ಕಂಡು ಬೆದರುತ್ತಾರೆ. ಕೇಂದ್ರದವನೂ, ಬೇಡ ಬಿಡಿ, ಸರಿಮಾಡಿಕೊಂಡು ಬನ್ನಿ ಎಂದು ಬಾಯಿಮಾತಿನಲ್ಲೇ ಸಾಗಹಾಕುತ್ತಾನೆ. ಚೀಟಿಯಿಲ್ಲದೆ ಗೆರೇಜಿಗೆ ಹೋದ ಧಣಿಯು, ರಕ್ತ ಪರೀಕ್ಷೆಯ ವರದಿಯನ್ನು ಮನೆಯಲ್ಲೇ ಬಿಟ್ಟು ಡಾಕ್ಟರರಲ್ಲಿಗೆ ಹೋದ ರೋಗಿಗೆ ಸಮಾನ. ಅಲ್ಲಿ ಮೇಸ್ತ್ರಿಯು ಹೇಳಿದ್ದೇ ರೋಗ, ಬರೆದದ್ದೇ ಬಿಲ್ಲು.

ಆ ಚೀಟಿಯಲ್ಲಿನ ಅಂಕವೆಂದರೇನು? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯದು ಈ ವಿಷಯಕ್ಕೆ ಸಂಬಂಧಿಸಿದೆ. ಡೀಸೆಲ್ ಲಾರಿಯನ್ನು ಗೇರಿಗೆ ಹಾಕದೆ ನಿಲ್ಲಿಸಿ, ಇಂಜಿನು ಚೆನ್ನಾಗಿ ಬಿಸಿಯಾದ ಮೇಲೆ ಎಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಿ, ಸೈಲೆನ್ಸರಿನ ಬಾಯಿಯಿಂದ ಹೊಗೆಯನ್ನು ನಳಿಗೆಯ ಮೂಲಕ ಯಂತ್ರದೊಳಕ್ಕೆ ಸೆಳೆಯುತ್ತಾರೆ. ಯಂತ್ರದ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕನ್ನು ಅಳೆಯುವ ಕಣ್ಣು. ನಡುವೆ ತುಂಬಿದ ಹೊಗೆಯು ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ತಡೆಯಿತೋ ಅದೇ ಆ ಲಾರಿಯ ಅಂಕ. ಇದಕ್ಕೆ ಹಾರ್ಟ್‌ರಿಜ್ ಮಾನವೆಂದು ಹೆಸರು. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ 65, ಸ್ಟೇಜ್ 4ರ ವಾಹನಗಳಿಗೆ 50 ಪರಮಾವಧಿ. ಸ್ಟೇಜ್ 4 ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್ 1ರಿಂದ. ಆದ್ದರಿಂದ ಅದಕ್ಕೂ ಮುಂಚಿನ ಲಾರಿಗಳಲ್ಲಿ ಹೆಚ್ಚಿನವು 65ರ ಗುಂಪಿಗೆ ಸೇರಿದವು. ಅವುಗಳ ಪತ್ರವು ಆರು ತಿಂಗಳು ಮಾತ್ರ ಊರ್ಜಿತ.

ಇಲ್ಲಿ ಒಂದು ಮಾತು. ಪರೀಕ್ಷೆಯಲ್ಲಿ ಸೋತ ಲಾರಿಗಳೆಲ್ಲವೂ ಕೆಟ್ಟ ಲಾರಿಗಳಲ್ಲ. ನಾಕೆಯ ಸಾಲಿನಲ್ಲಿ ಗಂಟೆಗಟ್ಟಲೆ ಮೆಲ್ಲಗೆ ಉರಿಯುತ್ತ ನಿಂತ ಇಂಜಿನಿನ ಸೈಲೆನ್ಸರಿನಲ್ಲಿ ಮಸಿ ಕಟ್ಟಿಕೊಂಡಿರುತ್ತದೆ. ಅಲ್ಲಿಂದ ನೇರವಾಗಿ ಕೇಂದ್ರಕ್ಕೆ ಹೋಗಿ ಎಕ್ಸಿಲರೇಟರ್ ಒತ್ತಿದರೆ ಆ ಮಸಿಯೆಲ್ಲ ಒಮ್ಮೆಗೇ ಹೊರಬಂದು ಅಂಕವು ಏರುತ್ತದೆ. ತಣ್ಣಗಿನ ಇಂಜಿನಿನ ಪಾಡೂ ಅದೇ. ಪರೀಕ್ಷೆಗೆ ಮುನ್ನ ಲಾರಿಯನ್ನು ಹೆದ್ದಾರಿಯಲ್ಲಿ ಅರ್ಧ ಗಂಟೆ ಒಳ್ಳೆಯ ವೇಗದಲ್ಲಿ ಓಡಿಸಿ, ಬಿಸಿಬಿಸಿಯಾಗಿಯೇ ಕೊಂಡೊಯ್ಯುವುದು ಮೋಸವಲ್ಲ. ಪರೀಕ್ಷೆಯ ವಿಧಿಯೇ ಬಿಸಿಯಾದ ಇಂಜಿನನ್ನು ಕೇಳುತ್ತದೆ. ಪೆಡಲನ್ನು ಅರ್ಧಕ್ಕೆ ಒತ್ತಿ ಅಂಕವನ್ನು ಇಳಿಸುವುದು ಮಾತ್ರ ಮೋಸ. ಕೇಂದ್ರದವನು ಉಪಕಾರವೆಂದು ಹಾಗೆ ಮಾಡಿಕೊಟ್ಟರೂ ಲಾರಿಯ ರೋಗವು ಲಾರಿಯಲ್ಲೇ ಉಳಿಯುತ್ತದೆ.

ಇನ್ನು ರೋಗದ ವಿಚಾರ. ಇದು ಮೇಸ್ತ್ರಿಗಳ ವಿದ್ಯೆ, ನಮಗೇನು ತಿಳಿಯುತ್ತದೆ ಎಂದು ಹೋಟೆಲಿನ ಬಂಧುಗಳು ಹಿಂಜರಿಯಬೇಕಾಗಿಲ್ಲ. ಅಡಿಗೆಮನೆಯಲ್ಲಿ ಒಂದು ಕಾಲದಲ್ಲಿ ಹಿತ್ತಾಳೆಯ ಪಂಪ್ ಸ್ಟೋವಿನ ಸಂಗಡ ಹೋರಾಡಿದವರಿಗೆ ಡೀಸೆಲ್ ಇಂಜಿನಿನ ಹೊಗೆಯ ಮರ್ಮವು ಮುಕ್ಕಾಲು ಪಾಲು ಗೊತ್ತೇ ಇದೆ. ಸ್ಟೋವು ಕರ್ರಗೆ ಉರಿದು ಪಾತ್ರೆಯ ತಳವು ಮಸಿಯಾಯಿತೆಂದರೆ ಏನು ಮಾಡುತ್ತಿದ್ದಿರಿ? ಪಿನ್ನು ಹಾಕಿ ನಿಪ್ಪಲಿನ ಕಣ್ಣು ಬಿಡಿಸುತ್ತಿದ್ದಿರಿ, ಬರ್ನರಿನ ಮಸಿ ತೆಗೆಯುತ್ತಿದ್ದಿರಿ, ಎಣ್ಣೆಗೆ ನೀರು ಬೆರೆತಿದೆಯೇ ಎಂದು ನೋಡುತ್ತಿದ್ದಿರಿ. ಸ್ಟೋವನ್ನು ಯಾರೂ ಮೊದಲ ದಿನವೇ ಗುಜರಿಗೆ ಹಾಕುತ್ತಿರಲಿಲ್ಲ. ಲಾರಿಯಲ್ಲಿಯೂ ಹಾಗೆಯೇ. ಗಾಳಿ ಸಾಲದಿದ್ದರೆ, ಅಥವಾ ಎಣ್ಣೆ ಹೆಚ್ಚಾದರೆ, ಅಥವಾ ಎಣ್ಣೆಯು ಮಂಜಿನಂತೆ ಸಿಡಿಯದೆ ಹನಿಹನಿಯಾಗಿ ತೊಟ್ಟಿಕ್ಕಿದರೆ ಹೊಗೆಯು ಕಪ್ಪಾಗುತ್ತದೆ.

ಆದುದರಿಂದ ಮೊದಲು ಬಣ್ಣವನ್ನು ನೋಡಬೇಕು. ಕಪ್ಪು ಹೊಗೆಯು ಪೂರ್ತಿ ಉರಿಯದ ಡೀಸೆಲ್ಲು. ನೀಲಿಯ ಛಾಯೆಯಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ನಿನ ರಿಂಗುಗಳೋ, ವಾಲ್ವಿನ ಸೀಲುಗಳೋ, ಟರ್ಬೋದ ಒಳಗಿನ ಸೀಲೋ ಸವೆದಿರಬೇಕು. ಇಂಜಿನು ಬಿಸಿಯಾದ ಮೇಲೂ ಬೆಳ್ಳಗೆ ಬರುತ್ತಿದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ. ಬಣ್ಣವನ್ನು ನೋಡದೆ ಕೈಹಾಕುವ ಮೇಸ್ತ್ರಿಯು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವನು.

ಹಳೆಯ ಲಾರಿಗಳಲ್ಲಿ ಹತ್ತರಲ್ಲಿ ಎಂಟರ ತೊಂದರೆಯು ಕಪ್ಪು ಹೊಗೆಯೇ ಎಂದು ಅನುಭವಿ ಮೇಸ್ತ್ರಿಗಳ ಬಾಯಲ್ಲಿ ಕೇಳಿದ್ದೇವೆ. ಇದರಲ್ಲಿ ಅಗ್ಗದಿಂದ ಮೊದಲ್ಗೊಂಡು ದುಬಾರಿಯತ್ತ ಹೋಗುವುದೇ ಜಾಣತನ. ಏರ್ ಫಿಲ್ಟರನ್ನು ತೆಗೆದು ಅದರೊಳಗೆ ಬಲ್ಬು ಇಳಿಸಿ ನೋಡಿದರೆ ಬೆಳಕು ಹೊರಗೆ ಕಾಣಬೇಕು; ಕಾಣದಿದ್ದರೆ ಅದು ಇಂಜಿನಿನ ಮೂಗನ್ನೇ ಹಿಚುಕುತ್ತಿದೆ. ಮುಂಬಯಿಯ ಮೆಟ್ರೋ ಮತ್ತು ಕಟ್ಟಡಗಳ ಧೂಳಿನಲ್ಲಿ ಓಡುವ ಲಾರಿಗೆ ಕಂಪನಿಯ ಪುಸ್ತಕದಲ್ಲಿ ಬರೆದ ಅವಧಿಯು ಸಾಲದು. ಅನಂತರ ಟರ್ಬೋದಿಂದ ಇಂಜಿನಿಗೆ ಹೋಗುವ ರಬ್ಬರಿನ ಹೋಸ್ ಪೈಪುಗಳು. ನಮಗೆ ಪರಿಚಿತರಾದ ಮುಲುಂಡಿನ ಒಬ್ಬ ಲಾರಿ ಧಣಿಗೆ ಇಂಜಿನನ್ನು ಬಿಚ್ಚಬೇಕೆಂದು ಒಂದು ಗೆರೇಜಿನವರು ಹೇಳಿ, ಮುಂಗಡವನ್ನೂ ಕೇಳಿದ್ದರು. ಆತನು ಊರಿನ ಒಬ್ಬ ವಯೋವೃದ್ಧ ಮೇಸ್ತ್ರಿಯನ್ನು ಕರೆತಂದು ತೋರಿಸಿದನು. ಮುದುಕನು ಲಾರಿಯನ್ನು ಶುರು ಮಾಡಿಸಿ, ಕೈಯನ್ನು ಪೈಪಿನ ಅಡಿಯಲ್ಲಿ ಆಡಿಸಿ, ಒಂದು ಬೆರಳಿನಷ್ಟುದ್ದದ ಸೀಳನ್ನು ತೋರಿಸಿಕೊಟ್ಟನು. ಗಾಳಿಯೆಲ್ಲ ಅಲ್ಲಿ ಸೋರಿಹೋಗುತ್ತಿತ್ತು. ಪಂಪು ಮಾತ್ರ ಗಾಳಿ ಬಂದಿತೆಂದು ನಂಬಿ ಎಣ್ಣೆ ಹಾಕುತ್ತಿತ್ತು. ಪೈಪಿನ ಬೆಲೆಯು ಗೆರೇಜಿನವರು ಕೇಳಿದ ಮುಂಗಡದ ಸಣ್ಣದೊಂದು ಅಂಶವಾಗಿತ್ತು.

ಎಕ್ಸಾಸ್ಟ್ ಬ್ರೇಕಿರುವ ಲಾರಿಗಳಲ್ಲಿ ಅದರ ಚಿಟ್ಟೆವಾಲ್ವು ಅರ್ಧ ಮುಚ್ಚಿ ಹಿಡಿದುಕೊಂಡರೂ ಹೊಗೆಯು ಹೊರಗೆ ಹೋಗಲಾರದೆ ಉಸಿರುಕಟ್ಟುತ್ತದೆ. ಇ.ಜಿ.ಆರ್. ಎಂಬ ಏರ್ಪಾಡಿರುವ ಇಂಜಿನುಗಳಲ್ಲಿ, ಸುಟ್ಟ ಹೊಗೆಯ ಒಂದು ಭಾಗವನ್ನು ಪುನಃ ಒಳಗೆ ಬಿಡುವ ವಾಲ್ವು ಮಸಿಯಿಂದ ತೆರೆದೇ ನಿಂತುಬಿಡುವುದುಂಟು. ಇವೆರಡನ್ನೂ ನೋಡಲು ಇಂಜಿನನ್ನು ಬಿಚ್ಚಬೇಕಿಲ್ಲ.

ಆಮೇಲೆ ನಾಝಲುಗಳು. ಇವನ್ನು ಹೊರತೆಗೆದು ಕೈಪಂಪಿನ ಬೆಂಚಿನ ಮೇಲೆ ಕೂರಿಸಿ ಒತ್ತಿದಾಗ, ಎಣ್ಣೆಯು ಗೊತ್ತಾದ ಒತ್ತಡದಲ್ಲಿ ಗಕ್ಕನೆ ಮಂಜಾಗಿ ಸಿಡಿದು ಗಕ್ಕನೆ ನಿಲ್ಲಬೇಕು. ತುದಿಯಲ್ಲಿ ಹನಿ ತೂಗಬಾರದು. ಈ ಪರೀಕ್ಷೆಯನ್ನು ಧಣಿಯು ಎದುರಿಗೆ ನಿಂತು ನೋಡುವುದು ಒಳ್ಳೆಯದು. ಕಣ್ಣಿಗೇ ಕಾಣುವ ಸಂಗತಿಯಾದ್ದರಿಂದ ಇದರಲ್ಲಿ ಸುಳ್ಳು ಹೇಳುವುದು ಕಷ್ಟ. ನಾಝಲು ಸರಿಯಿದ್ದರೆ ಪಂಪಿನ ಸರದಿ: ಎಣ್ಣೆಯನ್ನು ಹೊತ್ತು ಮೀರಿ ಚಿಮ್ಮಿಸುತ್ತಿದೆಯೇ, ಅಳತೆ ಮೀರಿ ಚಿಮ್ಮಿಸುತ್ತಿದೆಯೇ ಎಂಬುದನ್ನು ಕ್ಯಾಲಿಬ್ರೇಶನ್ ಬೆಂಚಿನಲ್ಲಿ ಅಳೆಯಬೇಕು. ಇದೆಲ್ಲ ಸರಿಯಿದ್ದೂ ಹೊಗೆಯು ಇಳಿಯದಿದ್ದರೆ ಮಾತ್ರ ವಾಲ್ವಿನ ಸಂದು, ಕಂಪ್ರೆಶನ್ ಎಂದು ಇಂಜಿನಿನ ಒಳಗೆ ಪ್ರವೇಶಿಸಬೇಕು. ಸ್ಟೇಜ್ 4ರ ಲಾರಿಗಳಲ್ಲಿ ಪಂಪನ್ನು ಕಂಪ್ಯೂಟರು ಆಳುವುದರಿಂದ ಸ್ಕ್ಯಾನರಿಲ್ಲದ ಮೇಸ್ತ್ರಿಯ ಕೈಗೆ ಅವನ್ನು ಕೊಡುವುದು ಬೇಡ.

ಪಂಪಿನ ಮಾತು ಬಂದುದರಿಂದ ಒಂದು ಕಹಿಯಾದ ಸಂಗತಿಯನ್ನು ಹೇಳಲೇಬೇಕಾಗಿದೆ. ಪಂಪು ಪರಮಾವಧಿ ಎಷ್ಟು ಎಣ್ಣೆ ಕೊಡತಕ್ಕದ್ದೆಂಬುದನ್ನು ಕಾರಖಾನೆಯವರು ಒಂದು ತಿರುಪಿನಿಂದ ಗೊತ್ತುಮಾಡಿ ಮುದ್ರೆ ಹಾಕಿರುತ್ತಾರೆ. ಅನೇಕ ಲಾರಿಗಳಲ್ಲಿ ಆ ಮುದ್ರೆಯು ಎಂದೋ ಒಡೆದುಹೋಗಿದೆ. ಒಡೆದವರು ಯಾರು? ಡ್ರೈವರನೆಂದು ಧಣಿಯು ಹೇಳುತ್ತಾನೆ. ಅತಿಭಾರ ಹೇರಿ ಘಾಟಿ ಹತ್ತಿಸೆಂದರೆ ಇನ್ನೇನು ಮಾಡಲಿ ಎಂದು ಡ್ರೈವರನು ಕೇಳುತ್ತಾನೆ. ನಾವು ಡ್ರೈವರನ ಪಕ್ಷ. ಒಂಬತ್ತು ಟನ್ನಿನ ಲಾರಿಗೆ ಹದಿಮೂರು ಟನ್ನು ತುಂಬುವ ಧಣಿಗೆ ಹೊಗೆಯ ಬಗ್ಗೆ ದೂರುವ ಅಧಿಕಾರವಿಲ್ಲ. ಪರೀಕ್ಷೆಯ ಹಿಂದಿನ ದಿನ ಆ ತಿರುಪನ್ನು ಒಳಕ್ಕೆ ತಿರುಗಿಸಿ, ಪತ್ರ ಸಿಕ್ಕಿದ ಮರುದಿನ ಹೊರಕ್ಕೆ ತಿರುಗಿಸುವ ಕುಶಲಕರ್ಮಿಗಳೂ ಇದ್ದಾರೆ. ಇಂತಹ ಬುದ್ಧಿಯನ್ನು ನಾಝಲಿನ ಮೇಲೆ ಖರ್ಚು ಮಾಡಿದ್ದರೆ ಎಷ್ಟೋ ಲೇಸಾಗುತ್ತಿತ್ತು.

ಪರೀಕ್ಷೆಯಿಲ್ಲದ ಪತ್ರವನ್ನು ಕೊಳ್ಳುವವರ ಲೆಕ್ಕಾಚಾರವೂ ಇಷ್ಟೇ ಮೇಲುಮೇಲಿನದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನಂತೆ ಈ ಅಪರಾಧಕ್ಕೆ ಹತ್ತು ಸಾವಿರ ರೂಪಾಯಿಗಳ ವರೆಗೆ ದಂಡ, ಮೂರು ತಿಂಗಳ ವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಲೈಸೆನ್ಸಿಗೂ ಮೂರು ತಿಂಗಳ ಅನರ್ಹತೆಯುಂಟು. ಎಂಟು ವರ್ಷ ಮೀರಿದ ಲಾರಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಯು ಹೇಗೂ ತಪ್ಪಿದ್ದಲ್ಲ. ಕೊಂಡ ಪತ್ರವು ಅಲ್ಲಿ ಹೊಗೆಯನ್ನು ಮುಚ್ಚಲಾರದು. ದಂಡವನ್ನು ಬಿಡೋಣ. ಪತ್ರ ಕೊಂಡವನ ಲಾರಿಯು ಮರುದಿನದಿಂದ ಕುಡಿಯುವ ಹೆಚ್ಚಿನ ಡೀಸೆಲ್ಲಿಗೆ ಬಿಲ್ಲು ಕೊಡುವವರು ಯಾರು? ಇದನ್ನು ಅರಿಯಲು ಗುಮಾಸ್ತ ವೃತ್ತಿಯವರಿಗಿಂತ ಯೋಗ್ಯರಿಲ್ಲ. ಒಂದು ನೂರು ಪುಟದ ವಹಿಯಲ್ಲಿ ತಾರೀಖು, ಮೀಟರಿನ ಅಂಕ, ಹಾಕಿದ ಡೀಸೆಲ್, ಹೇರಿದ ಭಾರ, ಮೇಲಕ್ಕೆ ಸುರಿದ ಇಂಜಿನ್ ಆಯಿಲ್ ಎಂದು ಐದು ಕಲಮುಗಳನ್ನು ಎಳೆದು ತುಂಬುತ್ತ ಬಂದರೆ, ಲೀಟರಿಗೆ ಐದು ಕಿಲೋಮೀಟರು ಓಡುತ್ತಿದ್ದ ಲಾರಿಯು ನಾಲ್ಕೂವರೆಗೆ ಇಳಿದ ವಾರವು ಕೈಗೆ ಸಿಗುತ್ತದೆ. ತಿಂಗಳಿಗೆ ಮೂರು ಸಾವಿರ ಕಿಲೋಮೀಟರು ಓಡುವ ಲಾರಿಗೆ ಇಷ್ಟೇ ವ್ಯತ್ಯಾಸವು ಸುಮಾರು 67 ಲೀಟರು ಹೆಚ್ಚಿನ ಡೀಸೆಲ್ಲಾಯಿತು. ಆರು ತಿಂಗಳಿಗೆ ಗುಣಿಸಿಕೊಂಡು, ಒಂದು ಜೊತೆ ನಾಝಲಿನ ಬೆಲೆಯೊಡನೆ ತೂಗಿ ನೋಡಬಹುದು. ಆಯಿಲಿನ ಕಲಮು ಏರುತ್ತ ಹೋದರೆ ನೀಲಿ ಹೊಗೆಯ ಸುದ್ದಿಯು ಪರೀಕ್ಷಾ ಕೇಂದ್ರಕ್ಕಿಂತ ಮೊದಲೇ ವಹಿಗೆ ಬಂದಿರುತ್ತದೆ.

ಹೊಗೆಯು ಕೇವಲ ಖರ್ಚಿನ ಪ್ರಶ್ನೆಯೆಂದು ನಾವು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರ ಜೂನಿನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಹೋಟೆಲಿನ ಬಾಗಿಲೆಳೆದ ಮೇಲೆ ರಸ್ತೆಯ ಬದಿಯ ಮಾಳಿಗೆಯಲ್ಲಿ ಚಾಪೆ ಹಾಸುವ ಹುಡುಗನ ಎದೆಯೊಳಗೆ ಹೋಗುವುದು ಇದೇ ಹೊಗೆ. ಆ ಹುಡುಗನೇ ಮುಂದೆ ಚೀಟಿ ಎತ್ತಿ ಲಾರಿಯ ಪಾಲುದಾರನಾಗುವವನು.

ಸರಕಾರವೂ ನ್ಯಾಯಾಲಯವೂ ಸುಮ್ಮನೆ ಕುಳಿತಿಲ್ಲ. 1999ರಲ್ಲಿ ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಂ ಎಂಬ ನಾಗರಿಕರ ಸಂಸ್ಥೆಯು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಮೊರೆಹೊಕ್ಕ ಫಲವಾಗಿ ವಿ. ಎಂ. ಲಾಲ್ ಸಮಿತಿಯು ನೇಮಕಗೊಂಡಿತು. ಅನಂತರದ ವರ್ಷಗಳಲ್ಲಿ ಈ ಶಹರದ ಟ್ಯಾಕ್ಸಿಗಳೂ ರಿಕ್ಷಾಗಳೂ ಸಿ.ಎನ್.ಜಿ.ಗೆ ಬದಲಾದುದನ್ನು ನಾವೆಲ್ಲ ಕಂಡೆವು. 2010ರಲ್ಲಿ ಮಹಾರಾಷ್ಟ್ರ ಸರಕಾರವು ಎಂಟು ವರ್ಷ ಮೀರಿದ ಸಾರಿಗೆ ವಾಹನಗಳ ಮೇಲೆ ಪರಿಸರ ತೆರಿಗೆಯನ್ನು ಹೇರಿತು. 2021ರ ಆಗಸ್ಟಿನಲ್ಲಿ ಕೇಂದ್ರವು ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವ ಧೋರಣೆಯನ್ನು ಸಾರಿತು. 2025ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಮುಂಬಯಿಯ ಕೆಟ್ಟ ಗಾಳಿಯ ಬಗ್ಗೆ ತಾನಾಗಿಯೇ ಕೈಗೆತ್ತಿಕೊಂಡ ಮೊಕದ್ದಮೆಯಲ್ಲಿ, ಕಟ್ಟಿಗೆ ಇದ್ದಲುಗಳನ್ನುರಿಸುವ ಬೇಕರಿಗಳಿಗೆ ಆರು ತಿಂಗಳೊಳಗೆ ಗ್ಯಾಸು ಮೊದಲಾದ ಶುದ್ಧ ಇಂಧನಕ್ಕೆ ಬದಲಾಗಲು ಆಜ್ಞಾಪಿಸಿ, ಪೆಟ್ರೋಲ್ ಡೀಸೆಲ್ ವಾಹನಗಳನ್ನು ಕ್ರಮೇಣ ತೆಗೆದುಹಾಕುವ ಸಾಧ್ಯತೆಯನ್ನು ಪರಿಶೀಲಿಸಲು ಸಮಿತಿಯನ್ನು ನೇಮಿಸುವಂತೆ ಸರಕಾರಕ್ಕೆ ಹೇಳಿತು. ತಂದೂರು ಭಟ್ಟಿಗಳ ಕುರಿತಾಗಿ ಮಹಾನಗರ ಪಾಲಿಕೆಯ ನೋಟೀಸು ಬಂದ ಹೋಟೆಲುಗಳವರಿಗೆ ಈ ಗಾಳಿಯ ದಿಕ್ಕು ತಿಳಿದೇ ಇದೆ.

ಹಳೆಯ ಲಾರಿಗಳು ಆಚಂದ್ರಾರ್ಕ ಓಡಬೇಕೆಂದು ನಾವು ವಾದಿಸುವುದಿಲ್ಲ. ಸಿಲಿಂಡರುಗಳು ಸವೆದು ನೀಲಿ ಹೊಗೆಯುಗುಳುವ, ರಿಪೇರಿಯ ಖರ್ಚು ತನ್ನ ಬೆಲೆಯ ಅರ್ಧವನ್ನು ಮೀರುವ ಲಾರಿಯನ್ನು ಬಿಟ್ಟುಕೊಡುವುದೇ ಧಣಿಗೂ ಊರಿಗೂ ಕ್ಷೇಮ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದೂ ಅವಿವೇಕ. ವಯಸ್ಸನ್ನು ಮಾತ್ರ ನೋಡುವ ಧೋರಣೆಯು, ಹದಿಮೂರು ವರ್ಷದ್ದಾದರೂ 40ರ ಅಂಕ ತೋರಿಸುವ ಲಾರಿಯನ್ನೂ ಆರು ವರ್ಷದ್ದಾಗಿ 70 ತೋರಿಸುವ ಲಾರಿಯನ್ನೂ ತಲೆಕೆಳಗಾಗಿ ತೂಗುತ್ತದೆ. ಅಧಿಕಾರಿಗಳಿಂದ ನಾವು ಅಪೇಕ್ಷಿಸುವುದು ಸ್ವಲ್ಪವೇ. ತಿರಸ್ಕಾರದ ಚೀಟಿಯನ್ನು ಕೇಳದೆಯೇ ಕೊಡತಕ್ಕದ್ದು. ಕೊಡದ ಕೇಂದ್ರದ ಪರವಾನಗಿಯನ್ನು ತಡೆಹಿಡಿಯತಕ್ಕದ್ದು. ಯಂತ್ರವನ್ನು ಕೊನೆಯ ಬಾರಿ ತಾಳೆನೋಡಿದ ತಾರೀಖನ್ನು ಗಿರಾಕಿಗೆ ಕಾಣುವಂತೆ ಕೇಂದ್ರದ ಗೋಡೆಯ ಮೇಲೆ ಬರೆಯಿಸತಕ್ಕದ್ದು. ಪ್ರಾಮಾಣಿಕವಾಗಿ ಚೀಟಿ ಪಡೆದು ಗೆರೇಜಿನತ್ತ ಹೋಗುತ್ತಿರುವ ಲಾರಿಯನ್ನು ನಡುದಾರಿಯಲ್ಲಿ ಹಿಡಿದು ದಂಡ ಹಾಕಿದರೆ ಮುಂದಿನ ಸಲ ಅವನು ಚೀಟಿಯ ತಂಟೆಗೇ ಹೋಗಲಾರನು. ಆದ್ದರಿಂದ ದುರಸ್ತಿಗೆಂದು ಒಂದು ವಾರದ ವಾಯಿದೆಯನ್ನು ಕೊಡತಕ್ಕದ್ದು.

ನಮ್ಮ ಸಂಘಸಂಸ್ಥೆಗಳಿಗೂ ಇದರಲ್ಲಿ ಮಾಡಬಹುದಾದ ಕೆಲಸವಿದೆ. ವರ್ಷಕ್ಕೆರಡು ಯಕ್ಷಗಾನಗಳ ನಡುವೆ ಒಂದು ಭಾನುವಾರವನ್ನು ಬಿಡುವು ಮಾಡಿಕೊಂಡು, ಮುಲುಂಡಿನಲ್ಲಿಯೋ ಭಾಂಡುಪಿನಲ್ಲಿಯೋ ಒಂದು ಬಯಲಿಗೆ ಊರಿನವರ ಲಾರಿ, ಟೆಂಪೋಗಳನ್ನು ಕರೆಯಿಸಿ, ನಂಬುಗೆಯ ಮೇಸ್ತ್ರಿಗಳಿಬ್ಬರನ್ನೂ ಹೊಗೆಯಳೆಯುವ ಯಂತ್ರವೊಂದನ್ನೂ ಅಲ್ಲಿಗೆ ತರಿಸಬಹುದು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಇದನ್ನು ಇಟ್ಟುಕೊಂಡರೆ ಉತ್ತಮ. ಊರಿಗೆ ಹೋಗುವ ಲಾರಿಗಳು ಘಾಟಿ ಹತ್ತುವ ಮೊದಲೇ ತಮ್ಮ ಅಂಕವನ್ನು ತಿಳಿದುಕೊಂಡಿರುತ್ತವೆ. ನವೆಂಬರಿನಲ್ಲಿ ಪತ್ರದ ಆರು ತಿಂಗಳು ಮುಗಿಯುವಾಗ ವಹಿಯಲ್ಲಿ ಅದರ ತಾರೀಖೂ ಬರೆದಿರುತ್ತದೆ.